ಸಿ ಭಾಷೆಯ ನಿರ್ಮಾತೃ ಡೆನ್ನಿಸ್ ರಿಚಿ

ಲೋಕದಲ್ಲಿ ಕೀರ್ತಿಯು ಎಲ್ಲರಿಗೂ ಒಂದೇ ಅಳತೆಯಿಂದ ದೊರೆಯುವುದಿಲ್ಲ. ಗುಡಿಯ ಕಳಶವನ್ನು ದೂರದಿಂದಲೇ ಕಂಡು ಕೈಮುಗಿಯುವವರು ಸಾವಿರ ಮಂದಿ. ಆ ಗುಡಿಯನ್ನು ಹೊತ್ತ ಅಡಿಗಲ್ಲನ್ನು ನೆನೆಯುವವರು ವಿರಳ. ಗಣಕಯಂತ್ರಗಳ ಲೋಕಕ್ಕೆ ಇಂಥ ಅಡಿಗಲ್ಲನ್ನು ಇರಿಸಿದವರಲ್ಲಿ ಡೆನ್ನಿಸ್ ರಿಚಿ ಪ್ರಮುಖನು. ನಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಕೆಲಸ ಮಾಡುವ ಲಿನಕ್ಸ್ ಎಂಬ ವ್ಯವಸ್ಥೆಯ ಬಹುಭಾಗವು ಅವನು ರಚಿಸಿದ ಸಿ ಭಾಷೆಯಲ್ಲಿ ಬರೆದದ್ದು. ಅದರ ನಡೆಯೆಲ್ಲ ಅವನೂ ಅವನ ಗೆಳೆಯ ಕೆನ್ ಥಾಂಪ್ಸನ್ನನೂ ಸೇರಿ ಕಟ್ಟಿದ ಯೂನಿಕ್ಸಿನ ಮಾದರಿಯದು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಗಣಕ ವಿಜ್ಞಾನವನ್ನು ಓದುವ ಹುಡುಗ ಹುಡುಗಿಯರು ಮೊದಮೊದಲು ಕಲಿಯುವ ಭಾಷೆಗಳಲ್ಲಿ ಸಿ ಒಂದು. ಆದರೂ ಆ ಭಾಷೆಯನ್ನು ಮಾಡಿದವನು ಯಾರೆಂದು ಕೇಳಿದರೆ ಒಡನೆ ಉತ್ತರ ಹೇಳುವವರು ಕಡಿಮೆ. ಆ ಮಹನೀಯನ ಜೀವಿತವನ್ನೂ, ಅವನ ಕೆಲಸದಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನೂ, ಆ ಪ್ರಸಂಗದಿಂದ ಇಂದಿನ ವಿದ್ಯಾರ್ಥಿಗೆ ದೊರೆಯುವ ಪಾಠವನ್ನೂ ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿಯು 1941ನೆಯ ಇಸವಿ ಸೆಪ್ಟೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬ್ರಾಂಕ್ಸ್‌ವಿಲ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಅಲಿಸ್ಟೇರ್ ರಿಚಿಯು ಬೆಲ್ ಪ್ರಯೋಗಶಾಲೆಯಲ್ಲಿ ವಿಜ್ಞಾನಿ. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಕರೆಗಳನ್ನು ಒಂದು ತಂತಿಯಿಂದ ಇನ್ನೊಂದು ತಂತಿಗೆ ಕೂಡಿಸುವ ಮಂಡಲಗಳ ವಿಷಯದಲ್ಲಿ ಆತನು ಪಂಡಿತ. ಆ ವಿಷಯವನ್ನು ಕುರಿತು ಇಬ್ಬರು ಸಹೋದ್ಯೋಗಿಗಳೊಡನೆ ಸೇರಿ ಬರೆದ ಅವನ ಗ್ರಂಥವು 1951ರಲ್ಲಿ ಪ್ರಕಟವಾಯಿತು. ಕುಟುಂಬವು ನ್ಯೂಜೆರ್ಸಿಯ ಸಮ್ಮಿಟ್ ಎಂಬ ಪಟ್ಟಣದಲ್ಲಿ ನೆಲೆಸಿದ್ದುದರಿಂದ ಬಾಲಕನ ಪ್ರೌಢಶಾಲಾ ವ್ಯಾಸಂಗವು ಅಲ್ಲಿಯೇ ನಡೆಯಿತು.

ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ 1963ರಲ್ಲಿ ಭೌತಶಾಸ್ತ್ರದಲ್ಲಿ ಪದವಿಯನ್ನು ಪಡೆದನು. ಆದರೆ ಅವನ ಮನಸ್ಸು ಭೌತಶಾಸ್ತ್ರದಲ್ಲಿ ನಿಲ್ಲಲಿಲ್ಲ. ಹಾರ್ವರ್ಡಿನಲ್ಲಿರುವಾಗ ಯೂನಿವ್ಯಾಕ್ ಎಂಬ ಗಣಕಯಂತ್ರವನ್ನು ಕುರಿತು ಒಂದು ಉಪನ್ಯಾಸವನ್ನು ಕೇಳಿದ ಮೇಲೆ ಯಂತ್ರಗಳು ಲೆಕ್ಕ ಹಾಕುವ ಬಗೆಯ ಮೇಲೆ ಅವನಿಗೆ ಆಸಕ್ತಿ ಹುಟ್ಟಿತು. ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ತೊಡಗಿ, ಪ್ರೋಗ್ರಾಮುಗಳ ರಚನೆಗೂ ಲೆಕ್ಕದ ಕ್ಲಿಷ್ಟತೆಗೂ ಇರುವ ಸಂಬಂಧವನ್ನು ಕುರಿತು 1968ರಲ್ಲಿ ಮಹಾಪ್ರಬಂಧವನ್ನು ಸಿದ್ಧಪಡಿಸಿದನು. ಆದರೆ ಆಶ್ಚರ್ಯದ ಸಂಗತಿಯೆಂದರೆ, ಪ್ರಬಂಧ ಪೂರ್ಣವಾಗಿದ್ದರೂ ನಿಯಮದಂತೆ ಅದರ ಬೈಂಡು ಮಾಡಿಸಿದ ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸದೆ ಹೋದುದರಿಂದ ಡಾಕ್ಟರೇಟ್ ಪದವಿಯು ಅವನಿಗೆ ವಿಧ್ಯುಕ್ತವಾಗಿ ದೊರೆಯಲೇ ಇಲ್ಲ. ಬಹುಕಾಲ ಕಾಣೆಯಾಗಿದ್ದ ಆ ಪ್ರಬಂಧದ ವೃತ್ತಾಂತವನ್ನು ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2020ರಲ್ಲಿ ಬೆಳಕಿಗೆ ತಂದಿತು. ಲೋಕವೇ ಗುರುವೆಂದು ಒಪ್ಪಿದವನು ಕೊನೆಯವರೆಗೂ ಹೆಸರಿನ ಹಿಂದೆ ಡಾಕ್ಟರ್ ಎಂಬ ಬಿರುದಿಲ್ಲದೆಯೇ ಉಳಿದನು.

ಬೆಲ್ ಪ್ರಯೋಗಶಾಲೆಯಲ್ಲಿ

1967ರಲ್ಲಿ ರಿಚಿಯು ತಂದೆ ದುಡಿದ ಬೆಲ್ ಪ್ರಯೋಗಶಾಲೆಯನ್ನೇ ಸೇರಿದನು. ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಈ ಸಂಸ್ಥೆಯು ಟೆಲಿಫೋನ್ ಕಂಪೆನಿಯ ಒಡೆತನದ್ದು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ್ದು ಇಲ್ಲಿಯೇ. ಆ ಕಾಲದಲ್ಲಿ ಬೆಲ್ ಪ್ರಯೋಗಶಾಲೆ, ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪೆನಿ ಮೂವರೂ ಕೂಡಿ ಮಲ್ಟಿಕ್ಸ್ ಎಂಬ ದೊಡ್ಡ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಒಂದೇ ಯಂತ್ರವನ್ನು ಏಕಕಾಲದಲ್ಲಿ ಅನೇಕರು ಬಳಸುವಂತೆ ಮಾಡುವುದು ಅದರ ಗುರಿ. ಗುರಿಯು ಉದಾತ್ತವಾಗಿದ್ದರೂ ಕೆಲಸವು ಬೆಳೆಯುತ್ತ ಹೋಯಿತೇ ಹೊರತು ಕೈಗೆ ಬೇಗ ದಕ್ಕಲಿಲ್ಲ. 1969ರಲ್ಲಿ ಬೆಲ್ ಸಂಸ್ಥೆಯು ಆ ಯೋಜನೆಯಿಂದ ಹಿಂದೆ ಸರಿಯಿತು.

ಹತ್ತು ಜನ ಕೂಡಿ ಒಂದೇ ಯಂತ್ರದ ಸುತ್ತ ಕೆಲಸ ಮಾಡುವ ಸೌಖ್ಯವನ್ನು ಒಮ್ಮೆ ಕಂಡವರಿಗೆ ಅದು ತಪ್ಪಿಹೋದಾಗ ಉಂಟಾಗುವ ಕೊರಗು ಹೇಳತೀರದು. ಥಾಂಪ್ಸನ್, ರಿಚಿ ಮತ್ತು ಅವರ ಕೆಲವು ಮಿತ್ರರು ಹೊಸ ಯಂತ್ರವೊಂದನ್ನು ಕೊಡಿಸಬೇಕೆಂದು ಮೇಲಧಿಕಾರಿಗಳಿಗೆ ಅರ್ಜಿಯ ಮೇಲೆ ಅರ್ಜಿ ಬರೆದುಕೊಂಡರು. ಮಲ್ಟಿಕ್ಸಿನಲ್ಲಿ ಕೈ ಸುಟ್ಟುಕೊಂಡಿದ್ದ ಅಧಿಕಾರಿಗಳು ಒಪ್ಪಲಿಲ್ಲ. ಆಗ ಯಾರೂ ಹೆಚ್ಚಾಗಿ ಬಳಸದೆ ಮೂಲೆ ಸೇರಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರವು ಥಾಂಪ್ಸನ್ನನ ಕಣ್ಣಿಗೆ ಬಿದ್ದಿತು. ಹದಿನೆಂಟು ಬಿಟ್ಟುಗಳ ಎಂಟು ಸಾವಿರದಷ್ಟು ಪದಗಳು ಮಾತ್ರ ಅದರ ಸ್ಮರಣೆಯಲ್ಲಿ ಹಿಡಿಯುತ್ತಿದ್ದವು. ಇಂದಿನ ಒಂದು ಸಾಧಾರಣ ಛಾಯಾಚಿತ್ರಕ್ಕೂ ಅಷ್ಟು ಸ್ಥಳವು ಸಾಲದು. ಆ ಯಂತ್ರದ ಮೇಲೆ 1969ರ ಬೇಸಗೆಯಲ್ಲಿ ಥಾಂಪ್ಸನ್ ಒಂದು ಹೊಸ ವ್ಯವಸ್ಥೆಯ ಮೊದಲ ರೂಪವನ್ನು ಒಂದು ತಿಂಗಳಿನ ಅವಧಿಯಲ್ಲಿ ಬರೆದು ಮುಗಿಸಿದನು. ಕಡತಗಳನ್ನು ಇಡುವ ಬಗೆಯನ್ನು ಕುರಿತು ಅವನು, ರಿಚಿ ಮತ್ತು ರಡ್ ಕೆನಡೆ ಮೊದಲೇ ಕರಿಹಲಗೆಯ ಮುಂದೆ ಕುಳಿತು ವಿಚಾರ ಮಾಡಿದ್ದರು. ಮಲ್ಟಿಕ್ಸಿನ ಹೆಸರನ್ನೇ ವಿನೋದವಾಗಿ ತಿರುಗಿಸಿ ಬ್ರಯಾನ್ ಕರ್ನಿಘನ್ ಇಟ್ಟ ಹೆಸರೇ ಮುಂದೆ ಯೂನಿಕ್ಸ್ ಎಂದು ನಿಂತಿತು.

ಡೈರೆಕ್ಟರಿ ಎಂದರೇನು?

ಪ್ರಸಂಗವನ್ನು ಹೇಳುವ ಮೊದಲು ಒಂದು ಮಾತನ್ನು ವಿವರಿಸಬೇಕು. ಕಚೇರಿಯಲ್ಲಿ ಕಾಗದಗಳನ್ನೆಲ್ಲ ಒಂದೇ ಕಡೆ ರಾಶಿ ಹಾಕಿದರೆ ಬೇಕಾದುದು ಸಿಕ್ಕುವುದಿಲ್ಲ. ಆದುದರಿಂದ ಕಪಾಟುಗಳು, ಕಪಾಟಿನಲ್ಲಿ ಅರೆಗಳು, ಅರೆಗಳಲ್ಲಿ ಕಡತಗಳು. ಗಣಕಯಂತ್ರದಲ್ಲಿಯೂ ಹಾಗೆಯೇ. ಕಡತಗಳ ಹೆಸರುಗಳನ್ನು ಪಟ್ಟಿ ಮಾಡಿಟ್ಟ ಸ್ಥಳಕ್ಕೆ ಡೈರೆಕ್ಟರಿ ಎಂದು ಹೆಸರು. ಒಂದು ಡೈರೆಕ್ಟರಿಯೊಳಗೆ ಇನ್ನೊಂದು ಡೈರೆಕ್ಟರಿಯೂ ಇರಬಹುದು. ಯಂತ್ರದಲ್ಲಿ ನಡೆಯುತ್ತಿರುವ ಪ್ರತಿಯೊಂದು ಕೆಲಸವೂ ಯಾವಾಗಲೂ ಯಾವುದೋ ಒಂದು ಡೈರೆಕ್ಟರಿಯಲ್ಲಿ ನಿಂತಿರುತ್ತದೆ. ಬರಿಯ ಹೆಸರನ್ನು ಹೇಳಿ ಕಡತವನ್ನು ಕೇಳಿದರೆ ತಾನು ನಿಂತ ಸ್ಥಳದಲ್ಲಿಯೇ ಅದನ್ನು ಹುಡುಕುತ್ತದೆ. ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಹೋಗಿ ನಿಲ್ಲುವುದಕ್ಕೆ ಯೂನಿಕ್ಸಿನಲ್ಲಿ ಒಂದು ಆಜ್ಞೆಯಿದೆ. ಚೇಂಜ್ ಡೈರೆಕ್ಟರಿ ಎಂಬುದನ್ನು ಮೊಟಕುಮಾಡಿ ಅದಕ್ಕೆ ಚ್‌ಡಿರ್ ಎಂದು ಕರೆದರು. ಪಿಡಿಪಿ-7 ಕಾಲದಲ್ಲಿ ಅದು ಇನ್ನೂ ಮೊಟಕಾಗಿ ಎರಡೇ ಅಕ್ಷರದ್ದಾಗಿತ್ತು.

ಆ ಮೊದಲ ಯೂನಿಕ್ಸಿನಲ್ಲಿ ಇಂದಿನಂತೆ ಓರೆಗೆರೆಗಳಿಂದ ಕೂಡಿಸಿದ ಉದ್ದನೆಯ ದಾರಿಯ ಹೆಸರುಗಳಿರಲಿಲ್ಲ. ಆದ್ದರಿಂದ ದೂರದ ಡೈರೆಕ್ಟರಿಗೆ ಹೋಗಬೇಕಾದವನು ನಡುವಿನ ಒಂದೊಂದೇ ಡೈರೆಕ್ಟರಿಯ ಹೆಸರನ್ನು ಸಾಲಾಗಿ ಹೇಳಬೇಕು. ಆಜ್ಞೆಯು ಒಂದೊಂದೇ ಮೆಟ್ಟಿಲನ್ನು ಹತ್ತುತ್ತ ಅಲ್ಲಿಗೆ ಕೊಂಡೊಯ್ಯುತ್ತಿತ್ತು. ಎಲ್ಲ ಬಳಕೆದಾರರ ಡೈರೆಕ್ಟರಿಗಳನ್ನೂ ಹೆಸರಿಸಿದ ಒಂದು ನಡುಮನೆಯಂಥ ಡೈರೆಕ್ಟರಿ ಇತ್ತು. ಕೆನ್ ಎಂಬವನ ಸ್ಥಳಕ್ಕೆ ಹೋಗಬೇಕಾದರೆ ಮೊದಲು ನಡುಮನೆ, ಬಳಿಕ ಕೆನ್.

ಕೆಟ್ಟುನಿಂತ ಆಜ್ಞೆ

ಆರಂಭದಲ್ಲಿ ಯಂತ್ರಕ್ಕೆ ಜೋಡಿಸಿದ್ದ ಎರಡು ಟರ್ಮಿನಲ್ಲುಗಳಿಗೆ ಒಂದೊಂದರಂತೆ ಎರಡೇ ಪ್ರಕ್ರಿಯೆಗಳಿದ್ದವು. ಬಳಕೆದಾರನು ಆಜ್ಞೆ ಕೊಟ್ಟರೆ, ಆಜ್ಞೆಗಳನ್ನು ಓದುವ ಶೆಲ್ ಎಂಬ ಪ್ರೋಗ್ರಾಮು ತಾನು ಪಕ್ಕಕ್ಕೆ ಸರಿದು ತನ್ನ ಜಾಗದಲ್ಲಿಯೇ ಆ ಆಜ್ಞೆಯ ಪ್ರೋಗ್ರಾಮನ್ನು ತಂದು ಕೂರಿಸುತ್ತಿತ್ತು. ಅದು ಮುಗಿದ ಮೇಲೆ ಶೆಲ್ ಮತ್ತೆ ಬಂದು ಕೂರುವುದು. ಇದರಲ್ಲಿ ಅನೇಕ ತೊಡಕುಗಳಿದ್ದವು. ಆದುದರಿಂದ ಬೇರೊಂದು ಉಪಾಯವನ್ನು ತಂದರು. ಬರ್ಕ್ಲಿಯ ಒಂದು ಹಳೆಯ ವ್ಯವಸ್ಥೆಯಲ್ಲಿ ಆಗಲೇ ಇದ್ದ ಈ ಉಪಾಯಕ್ಕೆ ಫೋರ್ಕ್, ಎಂದರೆ ಕವಲೊಡೆಯುವುದು, ಎಂದು ಹೆಸರು. ಆಜ್ಞೆ ಬಂದ ಕೂಡಲೇ ಶೆಲ್ ತನ್ನದೇ ಪ್ರತಿರೂಪವಾದ ಒಂದು ಮಗು ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಮಗುವು ಆಜ್ಞೆಯನ್ನು ನೆರವೇರಿಸಿ ಮುಗಿದುಹೋಗುತ್ತದೆ. ತಾಯಿಯಾದ ಶೆಲ್ ಅದುವರೆಗೆ ಕಾದಿದ್ದು ಮುಂದಿನ ಆಜ್ಞೆಯನ್ನು ಕೇಳುತ್ತದೆ. ಈ ಮಹತ್ತಾದ ಬದಲಾವಣೆಗೆ ಬೇಕಾದ ಫೋರ್ಕಿನ ಬರವಣಿಗೆಯು ಪಿಡಿಪಿ-7 ಯಂತ್ರದಲ್ಲಿ 27 ಸಾಲುಗಳಷ್ಟೇ. ಒಂದೆರಡು ದಿನಗಳಲ್ಲಿ ಕೆಲಸ ಮುಗಿಯಿತು, ಎಲ್ಲರಿಗೂ ಸಂತೋಷವಾಯಿತು.

ಈ ಸಂಭ್ರಮದ ನಡುವೆ ಯಾರೋ ಗಮನಿಸಿದರು: ಡೈರೆಕ್ಟರಿ ಬದಲಾಯಿಸುವ ಆಜ್ಞೆ ಕೆಲಸ ಮಾಡುತ್ತಿಲ್ಲ! ಆಜ್ಞೆ ಕೊಟ್ಟರೆ ತಪ್ಪೆಂದು ಯಂತ್ರವು ಹೇಳುವುದಿಲ್ಲ. ಆದರೆ ನಿಂತ ಸ್ಥಳದಿಂದ ಒಂದು ಹೆಜ್ಜೆಯೂ ಕದಲುವುದಿಲ್ಲ. ಆಜ್ಞೆಯ ಬರವಣಿಗೆಯನ್ನು ಓದಿದರು, ತಿರುಗಿ ಓದಿದರು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಫೋರ್ಕನ್ನು ಸೇರಿಸಿದ್ದಕ್ಕೂ ಇದಕ್ಕೂ ಏನು ಸಂಬಂಧವೆಂದು ತಲೆ ಕೆಡಿಸಿಕೊಂಡರು. ಕಡೆಗೆ ನಿಜವು ಹೊಳೆಯಿತು. ಹಿಂದೆ ಟರ್ಮಿನಲ್ಲಿಗೆ ಒಂದೇ ಪ್ರಕ್ರಿಯೆ. ಆದ್ದರಿಂದ ಆಜ್ಞೆಯು ಬದಲಾಯಿಸಿದ ಸ್ಥಳವೇ ಶೆಲ್ಲಿನ ಸ್ಥಳವೂ ಆಗುತ್ತಿತ್ತು. ಈಗ ಆಜ್ಞೆಯನ್ನು ನೆರವೇರಿಸುವುದು ಮಗು. ಮಗುವು ಹೇಳಿದ ಡೈರೆಕ್ಟರಿಗೆ ಸರಿಯಾಗಿಯೇ ಹೋಯಿತು. ಹೋದೊಡನೆ ತನ್ನ ಕೆಲಸ ಮುಗಿಯಿತೆಂದು ಇಲ್ಲವಾಯಿತು. ತಾಯಿಯು ಕುಳಿತಲ್ಲಿಯೇ ಕುಳಿತಿದ್ದಳು. ರೋಗಿಯು ತನಗೆ ಬೇಕಾದ ಔಷಧವನ್ನು ಕುಡಿದು ಬಾ ಎಂದು ಆಳನ್ನು ಕಳುಹಿಸಿದಂತೆ! ಆಳು ವಿಧೇಯನಾಗಿ ಕುಡಿದು ಬಂದನು. ರೋಗಿಯ ಜ್ವರವು ಮಾತ್ರ ಇಳಿಯಲಿಲ್ಲ.

ಪರಿಹಾರವು ಸರಳವಾಗಿತ್ತು. ಈ ಒಂದು ಆಜ್ಞೆಯನ್ನು ಮಗುವಿಗೆ ವಹಿಸದೆ ಶೆಲ್ ತಾನೇ ನೆರವೇರಿಸಬೇಕು. ಯೂನಿಕ್ಸಿನ ಹಳೆಯ ಕೈಪಿಡಿಯಲ್ಲಿ ಚ್‌ಡಿರ್ ಆಜ್ಞೆಯ ಪುಟದಲ್ಲಿ ಈ ಕಾರಣವನ್ನೂ ಸಂಕ್ಷೇಪವಾಗಿ ಬರೆದಿಟ್ಟರು. ಇಂದಿಗೂ ಲಿನಕ್ಸಿನಲ್ಲಿ ಸಿಡಿ ಎಂಬ ಎರಡಕ್ಷರದ ಆಜ್ಞೆಯು ಶೆಲ್ಲಿನ ಒಳಗಿನ ಆಜ್ಞೆಯಾಗಿಯೇ ಇರುವುದಕ್ಕೆ ಅಂದಿನ ಆ ಪರದಾಟವೇ ಮೂಲ.

ಇನ್ನೊಂದು ದೋಷವು ಬೆಳಕಿಗೆ ಬರಲು ಹೆಚ್ಚು ಕಾಲ ಹಿಡಿಯಿತು. ಒಂದು ಕಡತದಲ್ಲಿ ಎಲ್ಲಿಯವರೆಗೆ ಬರೆದಾಗಿದೆ ಎಂಬ ಗುರುತನ್ನು ಹಿಂದೆ ಆಯಾ ಪ್ರಕ್ರಿಯೆಯೊಳಗೇ ಇಡುತ್ತಿದ್ದರು. ಎರಡು ಆಜ್ಞೆಗಳನ್ನು ಒಂದರ ಹಿಂದೆ ಒಂದರಂತೆ ನಡೆಸಿ ಎರಡರ ಫಲವನ್ನೂ ಒಂದೇ ಕಡತಕ್ಕೆ ಬರೆಸಿದರೆ, ಎರಡನೆಯದು ಮೊದಲನೆಯದರ ಮೇಲೆಯೇ ಬರೆದು ಅದನ್ನು ಅಳಿಸುತ್ತಿತ್ತು. ಮೊದಲ ಮಗುವಿನ ಗುರುತು ಅದರೊಡನೆಯೇ ಹೋಗಿ, ತಾಯಿಯ ಗುರುತು ಮೊದಲಿದ್ದಲ್ಲಿಯೇ ಉಳಿದಿರುತ್ತಿದ್ದುದೇ ಇದಕ್ಕೆ ಕಾರಣ. ಆ ಗುರುತುಗಳನ್ನು ಪ್ರಕ್ರಿಯೆಗಳಿಂದ ಹೊರಗೆ ತೆಗೆದು ಬೇರೊಂದು ಕೋಷ್ಟಕದಲ್ಲಿ ಇರಿಸಿ ಇದನ್ನು ಸರಿಪಡಿಸಿದರು. ಈ ಎರಡು ಸಂಗತಿಗಳನ್ನೂ ರಿಚಿಯು 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದ ಸಮ್ಮೇಳನಕ್ಕೆ ಬರೆದ ಯೂನಿಕ್ಸಿನ ವಿಕಾಸದ ಇತಿಹಾಸದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ತನ್ನ ತಂಡವು ತಬ್ಬಿಬ್ಬಾದ ಕತೆಯನ್ನು ಇಷ್ಟು ಸಹಜವಾಗಿ ಬರೆಯುವ ಗುಣವು ಎಲ್ಲ ದೊಡ್ಡವರಿಗೂ ಬರುವುದಿಲ್ಲ.

ಸಿ ಭಾಷೆಯ ಉದಯ

1970ರಲ್ಲಿ ತಂಡಕ್ಕೆ ಪಿಡಿಪಿ-11 ಎಂಬ ಹೊಸ ಯಂತ್ರವು ದೊರೆಯಿತು. ಪೇಟೆಂಟ್ ವಿಭಾಗದವರಿಗೆ ಅರ್ಜಿಗಳನ್ನು ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಕೊಡುವ ವ್ಯವಸ್ಥೆಯನ್ನು ಸಿದ್ಧಪಡಿಸುತ್ತೇವೆಂದು ಒಪ್ಪಿಕೊಂಡದ್ದು ಇದಕ್ಕೆ ನೆರವಾಯಿತು. ಅದರ ಸ್ಮರಣೆಯು 24 ಸಾವಿರ ಬೈಟುಗಳಷ್ಟು. ಅದರಲ್ಲಿ 16 ಸಾವಿರವು ವ್ಯವಸ್ಥೆಗೇ ಬೇಕಾಗುತ್ತಿತ್ತು. 1971ರ ನವೆಂಬರ್ 3ರ ತಾರೀಖನ್ನು ಹೊತ್ತ ಮೊದಲ ಕೈಪಿಡಿಯನ್ನು ಥಾಂಪ್ಸನ್ ಮತ್ತು ರಿಚಿ ಹೊರತಂದರು. 1972ರ ಜೂನ್ ವೇಳೆಗೆ ಯೂನಿಕ್ಸ್ ನಡೆಯುತ್ತಿದ್ದ ಯಂತ್ರಗಳು ಹತ್ತು.

ಅದುವರೆಗೆ ವ್ಯವಸ್ಥೆಯನ್ನೆಲ್ಲ ಯಂತ್ರಕ್ಕೆ ತೀರ ಸಮೀಪವಾದ ಅಸೆಂಬ್ಲಿ ಭಾಷೆಯಲ್ಲಿ ಬರೆಯುತ್ತಿದ್ದರು. ಆ ಭಾಷೆಯಲ್ಲಿ ಬರೆದುದು ಒಂದು ಯಂತ್ರಕ್ಕಷ್ಟೇ ಸಲ್ಲುತ್ತದೆ. ಯಂತ್ರ ಬದಲಾದರೆ ಮೊದಲಿಂದ ಬರೆಯಬೇಕು. ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ಎಂಬವನು ರಚಿಸಿದ್ದ ಬಿಸಿಪಿಎಲ್ ಭಾಷೆಯನ್ನು ಥಾಂಪ್ಸನ್ ಸಣ್ಣ ಯಂತ್ರಕ್ಕೆ ಹೊಂದುವಂತೆ ಕಿರಿದುಮಾಡಿ ಬಿ ಎಂಬ ಭಾಷೆಯನ್ನು ಮಾಡಿದ್ದನು. ಬಿ ಭಾಷೆಗೆ ಎಲ್ಲವೂ ಒಂದೇ ಗಾತ್ರದ ಪದ. ಅಕ್ಷರ, ಸಂಖ್ಯೆ ಎಂಬ ಭೇದವಿರಲಿಲ್ಲ. ಪಿಡಿಪಿ-11 ಯಂತ್ರವಾದರೋ ಬೈಟುಗಳನ್ನು ಬೇರೆಬೇರೆಯಾಗಿ ಗುರುತಿಸುವಂಥದು. ರಿಚಿಯು 1971ರಿಂದ ಬಿ ಭಾಷೆಗೆ ಅಕ್ಷರ, ಪೂರ್ಣಾಂಕ ಮೊದಲಾದ ಜಾತಿಗಳನ್ನು ಸೇರಿಸುತ್ತ, ಹೊಸ ಕಂಪೈಲರನ್ನು ಬರೆಯುತ್ತ ಹೋದನು. 1972ರಲ್ಲಿ ಅದು ಸಿ ಎಂಬ ಬೇರೆಯೇ ಭಾಷೆಯಾಗಿ ರೂಪುಗೊಂಡಿತು.

ಅದೇ ವರ್ಷ ಥಾಂಪ್ಸನ್ ಯೂನಿಕ್ಸಿನ ತಿರುಳನ್ನು ಸಿ ಭಾಷೆಯಲ್ಲಿ ಬರೆಯಲು ತೊಡಗಿ ಸೋತು ಕೈಬಿಟ್ಟನು. ಒಂದಕ್ಕೊಂದು ಸಂಬಂಧಿಸಿದ ವಿವಿಧ ವಿವರಗಳನ್ನು ಒಂದೇ ಗಂಟಾಗಿ ಕಟ್ಟುವ ಸಾಧನವು ಭಾಷೆಯಲ್ಲಿ ಇನ್ನೂ ಇರಲಿಲ್ಲ. ಸ್ಟ್ರಕ್ಚರ್ ಎಂಬ ಆ ಸಾಧನವನ್ನು ರಿಚಿಯು ಸೇರಿಸಿದ ಮೇಲೆ 1973ರ ಬೇಸಗೆಯಲ್ಲಿ ಇಬ್ಬರೂ ಕೂಡಿ ತಿರುಳನ್ನೆಲ್ಲ ಸಿ ಭಾಷೆಯಲ್ಲಿ ಬರೆದು ಮುಗಿಸಿದರು. ಉಳುವವನೇ ನೇಗಿಲನ್ನೂ ಕೆತ್ತಿಕೊಂಡರೆ ಅದು ಕೈಗೆ ಹೇಗೆ ಹೊಂದುವುದೋ ಹಾಗೆ ಭಾಷೆಯೂ ವ್ಯವಸ್ಥೆಯೂ ಒಂದನ್ನೊಂದು ತಿದ್ದುತ್ತ ಬೆಳೆದವು.

ಚ್‌ಡಿರ್ ಮತ್ತು ಪರೀಕ್ಷೆ

ವ್ಯವಸ್ಥೆಯು ಸಿ ಭಾಷೆಗೆ ಬಂದ ಮೇಲೆ ಚ್‌ಡಿರ್ ಎಂಬುದು ಸಿ ಪ್ರೋಗ್ರಾಮಿನಿಂದ ನೇರವಾಗಿ ಕರೆಯಬಹುದಾದ ಫಂಕ್ಷನ್ನಾಯಿತು. ಡೈರೆಕ್ಟರಿಯ ಹೆಸರನ್ನು ಕೊಟ್ಟರೆ ಸಾಕು. ಹೋಗಿ ನಿಂತರೆ ಸೊನ್ನೆಯನ್ನೂ, ಸೋತರೆ ಋಣ ಒಂದನ್ನೂ ಹಿಂದಿರುಗಿಸುತ್ತದೆ. ಸೋಲಿನ ಕಾರಣವನ್ನು ಎರ್‌ನೋ ಎಂಬ ಸ್ಥಳದಲ್ಲಿ ಬರೆದಿಡುತ್ತದೆ. ಇಷ್ಟು ಚಿಕ್ಕದಾದ ಫಂಕ್ಷನ್ನನ್ನು ಪರೀಕ್ಷಿಸುವುದರಲ್ಲಿ ಏನಿದೆ ಎಂದು ಯಾರಾದರೂ ಕೇಳಬಹುದು. ಬಹಳ ಇದೆ.

ಮೊದಲನೆಯದಾಗಿ, ಹಿಂದಿರುಗಿದ ಸಂಖ್ಯೆಯನ್ನು ನೋಡಲೇಬೇಕು. ಒಂದು ಪ್ರೋಗ್ರಾಮು ತಾತ್ಕಾಲಿಕ ಕಡತಗಳಿರುವ ಡೈರೆಕ್ಟರಿಗೆ ಹೋಗಿ ಅಲ್ಲಿರುವುದನ್ನೆಲ್ಲ ಅಳಿಸಬೇಕಾಗಿದೆ ಎಂದು ಭಾವಿಸೋಣ. ಚ್‌ಡಿರ್ ಸೋತಿತು, ಪ್ರೋಗ್ರಾಮು ಅದನ್ನು ಗಮನಿಸಲಿಲ್ಲ. ಆಗ ಅದು ನಿಂತಿದ್ದ ಸ್ಥಳದಲ್ಲಿರುವ ಕಡತಗಳೇ ಅಳಿಸಿಹೋಗುತ್ತವೆ. ಕಸ ತೆಗೆಯಲು ಹೋದವನು ದೇವರ ಮನೆಯನ್ನೇ ಬರಿದುಮಾಡಿದಂತಾಗುತ್ತದೆ. ಒಂದು ವರ್ಷದ ದುಡಿಮೆಯು ಒಂದು ಕ್ಷಣದಲ್ಲಿ ಇಲ್ಲವಾಗಬಹುದು.

ಎರಡನೆಯದಾಗಿ, ಸೊನ್ನೆ ಬಂದಿತೆಂಬುದರಿಂದಲೇ ಕೆಲಸವಾಯಿತೆಂದು ನಂಬಬಾರದು. ಹೊಸಬರು ಸಿ ಪ್ರೋಗ್ರಾಮಿನಲ್ಲಿ ಸಿಸ್ಟಮ್ ಎಂಬ ಫಂಕ್ಷನ್ನಿನ ಮೂಲಕ ಸಿಡಿ ಆಜ್ಞೆಯನ್ನು ಕೊಡುವುದುಂಟು. ಆ ಫಂಕ್ಷನ್ ಒಂದು ಮಗು ಶೆಲ್ಲನ್ನು ಹುಟ್ಟಿಸಿ ಅದಕ್ಕೆ ಆಜ್ಞೆಯನ್ನು ಒಪ್ಪಿಸುತ್ತದೆ. ಮಗುವು ಹೋಗಿ, ನಿಂತು, ಯಶಸ್ಸೆಂದು ಹೇಳಿ ಮುಗಿದುಹೋಗುತ್ತದೆ. ಬಂದ ಉತ್ತರ ಸೊನ್ನೆ. ಆದರೆ ಪ್ರೋಗ್ರಾಮು ಇದ್ದಲ್ಲಿಯೇ ಇದೆ. ಪಿಡಿಪಿ-7 ಕಾಲದ ಆ ಗೊಂದಲವೇ ಇಂದಿಗೂ ಹೊಸ ವೇಷದಲ್ಲಿ ತರಗತಿಗಳಿಗೆ ಬರುತ್ತಿದೆ! ಆದುದರಿಂದ ಪರೀಕ್ಷಕನು ಬೇರೊಂದು ದಾರಿಯಿಂದ ಸಾಕ್ಷ್ಯವನ್ನು ಪಡೆಯಬೇಕು. ನಿಂತ ಸ್ಥಳದ ಹೆಸರನ್ನು ಹೇಳುವ ಗೆಟ್‌ಸಿಡಬ್ಲ್ಯೂಡಿ ಎಂಬ ಫಂಕ್ಷನ್ನನ್ನು ಮೊದಲೊಮ್ಮೆ, ಬಳಿಕೊಮ್ಮೆ ಕರೆದು ಹೋಲಿಸಬೇಕು. ಅದರಲ್ಲಿಯೂ ಒಂದು ಎಚ್ಚರ ಬೇಕು. ಒಂದೇ ಡೈರೆಕ್ಟರಿಗೆ ಅಡ್ಡಹೆಸರುಗಳಿರಬಹುದು. ಆಪಲ್ ಯಂತ್ರಗಳಲ್ಲಿ ಟಿಎಂಪಿ ಎಂಬ ಡೈರೆಕ್ಟರಿಗೆ ಹೋದರೆ, ನಿಂತ ಸ್ಥಳದ ಹೆಸರು ಪ್ರೈವೇಟ್ ಎಂಬುದರ ಒಳಗಿನ ಟಿಎಂಪಿ ಎಂದು ಬರುತ್ತದೆ. ಹೆಸರು ಬೇರೆಯಾಯಿತೆಂದು ಪರೀಕ್ಷೆಯು ಸೋತಿತೆನ್ನುವುದು ತಪ್ಪು. ಡೈರೆಕ್ಟರಿ ಇರುವ ಸಾಧನದ ಸಂಖ್ಯೆಯನ್ನೂ ಅದರ ಸ್ವಂತ ಸಂಖ್ಯೆಯನ್ನೂ ಹೋಲಿಸುವುದೇ ಸರಿಯಾದ ದಾರಿ.

ಮೂರನೆಯದಾಗಿ, ಸೋಲುಗಳನ್ನೂ ಪರೀಕ್ಷಿಸಬೇಕು. ಇಲ್ಲದ ಡೈರೆಕ್ಟರಿಯ ಹೆಸರನ್ನು ಕೊಟ್ಟು ನೋಡಬೇಕು. ಡೈರೆಕ್ಟರಿಯಲ್ಲದ ಸಾಮಾನ್ಯ ಕಡತದ ಹೆಸರನ್ನು ಕೊಟ್ಟು ನೋಡಬೇಕು. ಪ್ರವೇಶದ ಅನುಮತಿಯನ್ನು ತೆಗೆದ ಡೈರೆಕ್ಟರಿಯನ್ನು ಕೊಟ್ಟು ನೋಡಬೇಕು. ಪ್ರತಿಸಲವೂ ಋಣ ಒಂದು ಬರಬೇಕು, ಕಾರಣವು ಸರಿಯಾಗಿರಬೇಕು, ನಿಂತ ಸ್ಥಳ ಬದಲಾಗದಿರಬೇಕು. ಅನುಮತಿಯ ಪರೀಕ್ಷೆಯನ್ನು ಯಂತ್ರದ ಸರ್ವಾಧಿಕಾರಿಯಾದ ರೂಟ್ ಎಂಬ ಬಳಕೆದಾರನಾಗಿ ನಡೆಸಿದರೆ ಫಲವಿಲ್ಲ. ಅವನಿಗೆ ಸಾಮಾನ್ಯವಾಗಿ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ.

ನಾಲ್ಕನೆಯದಾಗಿ, ಒಂದು ಪರೀಕ್ಷೆಯು ಮುಂದಿನ ಪರೀಕ್ಷೆಯನ್ನು ಕೆಡಿಸಬಾರದು. ಸ್ಥಳ ಬದಲಾಯಿಸಿದ ಪರೀಕ್ಷೆಯು ಹಿಂದಿರುಗದೆ ಹೋದರೆ ಅನಂತರದವು ತಪ್ಪು ಸ್ಥಳದಲ್ಲಿ ನಡೆಯುತ್ತವೆ. ನಿಂತ ಡೈರೆಕ್ಟರಿಯನ್ನು ಮೊದಲೇ ತೆರೆದಿಟ್ಟುಕೊಂಡು, ಎಫ್‌ಚ್‌ಡಿರ್ ಎಂಬ ಸೋದರ ಫಂಕ್ಷನ್ನಿನಿಂದ ಮರಳಿ ಬರುವುದು ಒಂದು ಉಪಾಯ. ಇನ್ನೊಂದು ಉಪಾಯವು ಬಹು ಸ್ವಾರಸ್ಯವಾದುದು: ಫೋರ್ಕ್ ಮಾಡಿ ಪರೀಕ್ಷೆಯನ್ನು ಮಗುವಿಗೇ ವಹಿಸುವುದು. ಮಗುವು ಎಲ್ಲಿಗೆ ಹೋದರೂ ತಾಯಿಯು ಕದಲುವುದಿಲ್ಲ. ಅಂದು ಆಜ್ಞೆಯನ್ನು ಕೆಡಿಸಿ ತಂಡದವರನ್ನು ಬೆಚ್ಚಿಬೀಳಿಸಿದ ಗುಣವೇ ಇಂದು ಪರೀಕ್ಷಕನಿಗೆ ರಕ್ಷೆಯಾಗಿದೆ. ಆದರೆ ಒಂದೇ ಪ್ರಕ್ರಿಯೆಯೊಳಗಿನ ಎಳೆಗಳಿಗೆ, ಎಂದರೆ ಥ್ರೆಡ್ಡುಗಳಿಗೆ, ಈ ರಕ್ಷೆಯಿಲ್ಲ. ಅವೆಲ್ಲಕ್ಕೂ ನಿಂತ ಸ್ಥಳ ಒಂದೇ. ಒಂದು ಹೊರಟರೆ ಎಲ್ಲವೂ ಹೊರಟಂತೆಯೇ.

ಕೀರ್ತಿ ಮತ್ತು ಸ್ವಭಾವ

ಥಾಂಪ್ಸನ್ ಮತ್ತು ರಿಚಿ ಯೂನಿಕ್ಸನ್ನು ಕುರಿತು ಬರೆದ ಪ್ರಸಿದ್ಧ ಲೇಖನವು 1974ರ ಜುಲೈ ತಿಂಗಳಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾನಿಲಯಗಳಲ್ಲಿ ಯೂನಿಕ್ಸ್ ಹರಡಿತು. 1978ರಲ್ಲಿ ಕರ್ನಿಘನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕವು ಹೊರಬಂದಿತು. ಇನ್ನೂರು ಚಿಲ್ಲರೆ ಪುಟಗಳ ಆ ಕಿರುಹೊತ್ತಗೆಯು ಪ್ರಪಂಚದ ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳಿಗೆ ಗುರುವಾಯಿತು. ಯೂನಿಕ್ಸನ್ನು ಬೇರೆ ಜಾತಿಯ ಯಂತ್ರಕ್ಕೆ ಒಯ್ಯಬಹುದೆಂಬುದನ್ನು ಸ್ಟೀವ್ ಜಾನ್ಸನ್ ಎಂಬ ಸಹೋದ್ಯೋಗಿಯೊಡನೆ ಸೇರಿ ಅವನು ಅದೇ ಕಾಲದಲ್ಲಿ ಮಾಡಿ ತೋರಿಸಿದನು. 1989ರಲ್ಲಿ ಸಿ ಭಾಷೆಗೆ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆ ಬಿದ್ದಿತು.

ಪ್ರಶಸ್ತಿಗಳೂ ಅವನನ್ನು ಹುಡುಕಿಕೊಂಡು ಬಂದವು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು 1983ರಲ್ಲಿ ಥಾಂಪ್ಸನ್ನನಿಗೂ ಅವನಿಗೂ ಒಟ್ಟಾಗಿ ದೊರೆಯಿತು. 1998ನೆಯ ಸಾಲಿನ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವೂ, 2011ರ ಜಪಾನ್ ಪ್ರಶಸ್ತಿಯೂ ಇಬ್ಬರಿಗೂ ಸಂದವು. ಒಬ್ಬನ ಬಲವು ಇನ್ನೊಬ್ಬನಿಗೆ ಪೂರಕವಾಗಿ ನಾಲ್ಕು ದಶಕಗಳ ಕಾಲ ಉಳಿದ ಈ ಸ್ನೇಹವೂ ಒಂದು ಆದರ್ಶವೇ ಸರಿ.

ರಿಚಿಯು ಮಿತಭಾಷಿ, ಸಂಕೋಚದ ಸ್ವಭಾವದವನು. ಮಧ್ಯಾಹ್ನದ ಹೊತ್ತಿಗೆ ಕಚೇರಿಗೆ ಬಂದು ರಾತ್ರಿ ಬಹುಹೊತ್ತಿನವರೆಗೆ ಕೆಲಸ ಮಾಡುವುದು ಅವನ ರೂಢಿ. ವಿವಾಹವಾಗಲಿಲ್ಲ. ಒಬ್ಬರ ಪ್ರೋಗ್ರಾಮನ್ನು ಮತ್ತೊಬ್ಬರು ಅದರ ಒಡೆಯನ ಅಧಿಕಾರದಿಂದಲೇ ನಡೆಸುವಂತೆ ಮಾಡುವ ಒಂದು ಉಪಾಯಕ್ಕೆ 1979ರಲ್ಲಿ ಅವನ ಹೆಸರಿನಲ್ಲಿ ಪೇಟೆಂಟ್ ದೊರೆತಿತ್ತು. ಅದು ಮುಂದೆ ಸಾರ್ವಜನಿಕರ ಸ್ವತ್ತಾಗಿ ಬಿಡುಗಡೆಯಾಯಿತು. ತಾನು ಮಾಡಿದ ಭಾಷೆಯ ಕುಂದುಕೊರತೆಗಳನ್ನು ಕುರಿತು ಮೊದಲು ಬರೆಯುತ್ತಿದ್ದವರಲ್ಲಿ ಅವನೂ ಒಬ್ಬ. ಯೂನಿಕ್ಸಿನ ಕೈಪಿಡಿಯಲ್ಲಿ ಆಜ್ಞೆಗಳ ವಿವರಣೆಯ ಕೊನೆಗೆ ದೋಷಗಳಿಗೆಂದೇ ಒಂದು ಸ್ಥಳವನ್ನು ಮೀಸಲಿಟ್ಟ ಪದ್ಧತಿಯು ಆ ತಂಡದ ಮನೋಧರ್ಮವನ್ನು ತೋರಿಸುತ್ತದೆ.

ಕೊನೆಯ ದಿನಗಳು

ಪ್ಲಾನ್ 9, ಇನ್‌ಫರ್ನೋ ಎಂಬ ಹೊಸ ವ್ಯವಸ್ಥೆಗಳ ರಚನೆಯಲ್ಲಿಯೂ ಭಾಗವಹಿಸಿ, ತನ್ನ ವಿಭಾಗದ ಮುಖ್ಯಸ್ಥನಾಗಿದ್ದು, 2007ರಲ್ಲಿ ಅವನು ನಿವೃತ್ತನಾದನು. ಆರೋಗ್ಯವು ಕುಂದುತ್ತ ಬಂದಿತ್ತು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಒಂಟಿಯಾಗಿ ವಾಸಿಸುತ್ತಿದ್ದ ಮನೆಯಲ್ಲಿ ಅವನು ತೀರಿಹೋಗಿರುವುದು ತಿಳಿದುಬಂದಿತು. ಆಗ ಅವನಿಗೆ 70 ವರ್ಷ. ಅದೇ ತಿಂಗಳ 5ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಆ ಸುದ್ದಿಯಿಂದ ತುಂಬಿದ್ದವು. ರಿಚಿಯ ಮರಣದ ಸುದ್ದಿಯು ಗೆಳೆಯರಿಂದ ಗೆಳೆಯರಿಗೆ ಮೆಲ್ಲಗೆ ಹರಡಿತು. ಆದರೂ ಜಾಬ್ಸ್ ಮಾರಿದ ಯಂತ್ರಗಳ ಒಳಗಿದ್ದುದು ಯೂನಿಕ್ಸಿನ ಸಂತತಿಯೇ. ಫೆಡೋರಾ ಎಂಬ ಲಿನಕ್ಸ್ ತಂಡದವರು ಮುಂದಿನ ತಿಂಗಳು ಹೊರತಂದ ತಮ್ಮ 16ನೆಯ ಆವೃತ್ತಿಯನ್ನು ರಿಚಿಯ ನೆನಪಿಗೆ ಅರ್ಪಿಸಿದರು.

ರಿಚಿಯ ಜೀವನದಲ್ಲಿ ಸಾಹಸದ ಕತೆಗಳಿಲ್ಲ, ಕಷ್ಟಪರಂಪರೆಯೂ ಇಲ್ಲ. ವಿದ್ಯಾರ್ಥಿಗಳಾದ ನಮಗೆ ಅದರಿಂದ ಏನು ಪ್ರಯೋಜನ? ಸಿ ಭಾಷೆಯ ಪ್ರಯೋಗ ತರಗತಿಯಲ್ಲಿ ಪರದೆಯ ಮೇಲೆ ತಪ್ಪು ಕಾಣಿಸದಿದ್ದರೆ ನಾವು ಕೆಲಸ ಮುಗಿಯಿತೆಂದು ಎದ್ದುಬಿಡುತ್ತೇವೆ. ಪಿಡಿಪಿ-7 ಮುಂದೆ ಕುಳಿತಿದ್ದವರಿಗೂ ಯಂತ್ರವು ತಪ್ಪೆಂದು ಹೇಳಿರಲಿಲ್ಲ. ಅವರು ತಾವು ನಿಜವಾಗಿ ಎಲ್ಲಿ ನಿಂತಿದ್ದೇವೆಂದು ನೋಡಿದರು, ನಿಂತ ಸ್ಥಳ ಬದಲಾಗಿಲ್ಲವೆಂಬುದನ್ನು ಕಂಡರು, ಕಾರಣ ಹೊಳೆಯುವವರೆಗೂ ಬಿಡಲಿಲ್ಲ. ಕಂಡುಕೊಂಡುದನ್ನು ಮುಂದಿನವರಿಗಾಗಿ ಬರೆದಿಟ್ಟರು. ಮುಂದಿನ ಸಲ ಪ್ರೋಗ್ರಾಮಿನಲ್ಲಿ ಚ್‌ಡಿರ್ ಎಂದು ಬರೆಯುವಾಗ ಅದು ಹಿಂದಿರುಗಿಸುವ ಸಂಖ್ಯೆಯನ್ನು ಒಮ್ಮೆ ನೋಡುವ ಅಭ್ಯಾಸವನ್ನು ನಾವು ಮಾಡಿಕೊಂಡರೆ, ಆ ಮೌನಿಯಾದ ಮಹನೀಯನ ಸ್ಮರಣೆಗೆ ಅಷ್ಟೇ ಸಾಕು.